ಕೂಸು ಪೆಟ್ಟಿಗೆಯಲ್ಲಿ, ಬಾಣಂತಿ ಹೊರಗೆ: ಜೊತೆಗಿರುವವರು ಮಾಡಬೇಕಾದ್ದು

ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ ಕಡೆ ದಿನ ತುಂಬುವ ಮೊದಲೇ ಹೆರಿಗೆಯಾದರೆ ಕೂಸು ಬಂದು ಸೇರುವುದು ಹೆಚ್ಚಾಗಿ ಶಿವಮೊಗ್ಗಕ್ಕೆ. ಮೆಗ್ಗಾನ್ ಆಸ್ಪತ್ರೆಗೋ, ಯಾವುದಾದರೂ ಖಾಸಗಿ ಆಸ್ಪತ್ರೆಯ ಎನ್‌ಐಸಿಯುಗೋ, ಅಂದರೆ ಎಳೆಗೂಸುಗಳ ತೀವ್ರ ನಿಗಾ ಘಟಕಕ್ಕೋ. ಸಹಜ ಹೆರಿಗೆಯಾದರೆ ಎರಡು-ಮೂರು ದಿನಕ್ಕೆ, ಸಿಸೇರಿಯನ್ ಆಗಿದ್ದರೆ ವಾರದೊಳಗೆ ತಾಯಿಗೆ ಡಿಸ್ಚಾರ್ಜ್. ಕೂಸಿಗೆ ಇನ್ನೂ ಮೂರು ವಾರವೋ, ಆರು ವಾರವೋ. ಆಗ ಮನೆಯ ಹಿರಿಯರ ಬಾಯಲ್ಲಿ ಬರುವ ಮಾತು ಒಂದೇ: "ಬಾಣಂತಿ ಹೀಗೆ ಗಾಳಿಗೆ ಕೂರೂದು ಬೇಡ. ಮನೆಗೆ ಕರ್ಕೊಂಡು ಹೋಗಿ ಎಣ್ಣೆ-ನೀರು ಮಾಡಾಣ. ಕೂಸನ್ನ ಡಾಕ್ಟ್ರು ನೋಡ್ಕೊಳ್ತಾರೆ."

ಪ್ರೀತಿಯಿಂದಲೇ ಹೇಳುವ ಮಾತು. ಆದರೆ ಹೆಚ್ಚಿನ ತೊಂದರೆ ಶುರುವಾಗುವುದು ಇಲ್ಲಿಂದಲೇ. ತಾಯಿ ಎಪ್ಪತ್ತು ಕಿಲೋಮೀಟರ್ ದೂರ ಹೋದರೆ ಮೂರೇ ದಿನದಲ್ಲಿ ಎದೆಹಾಲು ಕಡಿಮೆಯಾಗತೊಡಗುತ್ತದೆ. ಕೂಸನ್ನು ಬರಿಮೈಗೆ ತಾಗಿಸಿ ಎದೆಗವಚಿಕೊಳ್ಳುವ ಆರೈಕೆ (ಕಾಂಗರೂ ಆರೈಕೆ) ನಿಂತೇ ಹೋಗುತ್ತದೆ. ದಿನ ತುಂಬದ ಕೂಸಿಗೆ ಇವೆರಡೂ ಔಷಧಿಯಷ್ಟೇ ಮುಖ್ಯ. ಗಂಡ, ತವರಮ್ಮ, ಅತ್ತೆ, ನಾದಿನಿ, ಪಕ್ಕದ ಮನೆಯವರು, ಯಾರೇ ಇರಲಿ, ಮಾಡಹೊರಟ ಸಹಾಯದಿಂದ ತಾಯಿ ಕೂಸಿಗೆ ಹತ್ತಿರವಾಗುತ್ತಾಳೋ ದೂರವಾಗುತ್ತಾಳೋ ಎಂದು ಮೊದಲು ಕೇಳಿಕೊಳ್ಳಿ. ಕೆಳಗಿನದ್ದೆಲ್ಲ ಈ ಪ್ರಶ್ನೆಯ ಉತ್ತರವೇ.

ಮೊದಲು ಉಳಿಯುವ ಜಾಗ

ಡಿಸ್ಚಾರ್ಜ್ ದಿನ ಬರುವ ಮೊದಲೇ ಘಟಕದ ಸಿಸ್ಟರ್ ಹತ್ತಿರ ಕೇಳಿ: ಒಳಗಿರುವ ಮಕ್ಕಳ ತಾಯಂದಿರಿಗೆ ಹಾಸಿಗೆ ಇದೆಯೇ? ಕೆಲವು ಆಸ್ಪತ್ರೆಗಳಲ್ಲಿ ತಾಯಂದಿರ ವಾರ್ಡೇ ಬೇರೆ ಇರುತ್ತದೆ, ಕೆಲವು ಕಡೆ ಕುರ್ಚಿಯೂ ಸಿಗದು. ಇಲ್ಲದಿದ್ದರೆ ನಡೆದು ಹತ್ತು ನಿಮಿಷದೊಳಗೆ ಒಂದು ಕೋಣೆ ನೋಡಿ. ನೆಂಟರ ಮನೆ ಊರಾಚೆ ಎಲ್ಲೋ ಇದ್ದು ಬಾಡಿಗೆ ಕೋಣೆ ಆಸ್ಪತ್ರೆಯ ಎದುರಿಗಿದ್ದರೆ ಕೋಣೆಯೇ ಮೇಲು. ರಾತ್ರಿ ಎರಡೂವರೆಗೆ ಹಿಂಡಿದ ಹಾಲನ್ನು ತಲುಪಿಸಬೇಕಾಗುತ್ತದೆ. ನೆಂಟರ ಮನೆಯ ಗೇಟಿನ ಬೀಗ ಆ ಹೊತ್ತಿಗೆ ತೆಗೆಯುವವರು ಯಾರು? ಕೋಣೆ ನೋಡುವಾಗ ಮೂರು ಸಂಗತಿ ಗಮನಿಸಿ. ಕಕ್ಕಸು ಒಳಗೇ ಇರಬೇಕು, ಹೊಲಿಗೆ ಹಾಕಿದವಳು ಮೆಟ್ಟಿಲು ಹತ್ತಬಾರದು. ಬಿಸಿನೀರು ಬರಬೇಕು. ಹತ್ತಿರದಲ್ಲಿ ಫ್ರಿಜ್ ಇರಬೇಕು.

ಮನೆಯವರಲ್ಲಿ ಕೆಲಸ ಹಂಚಿಕೊಳ್ಳಿ. ಅಡಕೆ ಕೊಯ್ಲಿನ ಹೊತ್ತಾದರೆ, ಅಂದರೆ ಕೊನೆ ಇಳಿಸಿ ಸುಲಿದು ಬೇಯಿಸುವ ತಿಂಗಳುಗಳಲ್ಲಿ, ಮನೆಯಲ್ಲಿ ಕೈ ಸಾಲದು ಎಂಬುದು ನಿಜ. ಹಾಗಂತ ಒಬ್ಬರನ್ನೇ ನಾಲ್ಕು ವಾರ ಆಸ್ಪತ್ರೆಯಲ್ಲಿ ಕೂರಿಸಿದರೆ ಎರಡನೇ ವಾರಕ್ಕೆ ಅವರೇ ಕಾಯಿಲೆ ಬೀಳುತ್ತಾರೆ. ಒಬ್ಬರು ತಾಯಿಯ ಜೊತೆ, ನಾಲ್ಕು ದಿನಕ್ಕೊಮ್ಮೆ ಬದಲಿ. ಒಬ್ಬರು ಊಟ-ಬಟ್ಟೆ. ಒಬ್ಬರು ಕಾಗದಪತ್ರ, ಔಷಧಿ ಚೀಟಿ, ದುಡ್ಡು. ಇನ್ನೊಬ್ಬರು ಫೋನ್: ನೆಂಟರಿಗೆಲ್ಲ ಸುದ್ದಿ ಹೇಳುವುದು ಅವರೇ, ತಾಯಿಯ ಫೋನಿಗೆ ಯಾರೂ ಮಾಡಬಾರದು. "ಇವತ್ತು ಎಷ್ಟು ತೂಕ ಬಂತು?" ಎಂದು ದಿನಕ್ಕೆ ಹನ್ನೆರಡು ಜನ ಕೇಳಿದರೆ ಹನ್ನೆರಡು ಸಲ ಅವಳೇ ಪರೀಕ್ಷೆಯಲ್ಲಿ ಫೇಲಾದಂತೆ ಕುಗ್ಗುತ್ತಾಳೆ.

ಮೊದಲ ಸಲ ಒಳಗೆ ಹೋಗುವ ಮುಂಚೆ

ತಾಯಿಗಿಂತ ಮೊದಲು ಕೂಸನ್ನು ನೋಡಿದವರು ನೀವೇ ಆಗಿರುತ್ತೀರಿ. ಒಳಗೆ ಏನು ಕಾಣುತ್ತದೆ ಎಂದು ಅವಳಿಗೆ ಮುಂಚೆಯೇ ಹೇಳಿ, ಫೋಟೋ ತೆಗೆಯಲು ಬಿಟ್ಟಿದ್ದರೆ ತೋರಿಸಿ. ಎದೆಯ ಮೇಲೆ ಅಂಟಿಸಿದ ಮೂರು ವೈರು ಎದೆಬಡಿತ ನೋಡಲು. ಪಾದಕ್ಕೆ ಸುತ್ತಿದ ಕೆಂಪು ದೀಪದ ಪಟ್ಟಿ ರಕ್ತದಲ್ಲಿನ ಆಮ್ಲಜನಕ ಅಳೆಯಲು. ಮೂಗಿಗೆ ಸಿಕ್ಕಿಸಿದ ಕೊಳವೆಯ ಇನ್ನೊಂದು ತುದಿ ನೀರಿನ ಬಾಟಲಿಯಲ್ಲಿ ಗುಳುಗುಳು ಅನ್ನುತ್ತಿದ್ದರೆ ಅದು ಸಿಪ್ಯಾಪ್. ಕೂಸು ತಾನೇ ಉಸಿರಾಡುತ್ತಿದೆ, ಶ್ವಾಸಕೋಶ ಮುಚ್ಚಿಕೊಳ್ಳದಂತೆ ಗಾಳಿಯ ಒತ್ತಡ ಕೊಡುತ್ತಿದ್ದಾರೆ ಅಷ್ಟೆ. ಬಾಯಿಂದ ಹೊಟ್ಟೆಗೆ ಹೋದ ತೆಳು ನಳಿಗೆ ಹಾಲಿಗೆ. ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ಬೆಳಕಿನಡಿ ಮಲಗಿಸಿದ್ದರೆ ಕಾಮಾಲೆಗೆ, ಕಣ್ಣಿಗೆ ಏನೂ ಆಗಿಲ್ಲ. ಈ ಕಣ್ಣುಪಟ್ಟಿ ಕಂಡೇ ಕುಸಿದು ಕೂರುವ ತಾಯಂದಿರು ಬಹಳ. ಮುಂಚೆ ಹೇಳಿದ್ದರೆ ಹಾಗಾಗದು.

ಯಂತ್ರ ಕೂಗಿದರೆ ಯಂತ್ರ ನೋಡಬಾರದು, ಕೂಸನ್ನು ನೋಡಬೇಕು. ಬಣ್ಣ ಸರಿಯಿದ್ದು ಎದೆ ಏರಿಳಿಯುತ್ತಿದ್ದರೆ ಬಹುಪಾಲು ಪಾದದ ಪಟ್ಟಿ ಸಡಿಲಾಗಿರುತ್ತದೆ. ಬಣ್ಣ ಕಪ್ಪಿಟ್ಟರೆ, ಉಸಿರು ನಿಂತಂತೆ ಕಂಡರೆ ಸಿಸ್ಟರನ್ನು ಕೂಗಿ ಕರೆಯಿರಿ, ನಾಚಿಕೆ ಬೇಡ. ದಿನ ತುಂಬದ ಮಕ್ಕಳು ನಡುನಡುವೆ ಉಸಿರು ಮರೆಯುವುದುಂಟು. ಮಿದುಳಿನಲ್ಲಿ ಉಸಿರಾಟ ನಡೆಸುವ ಭಾಗ ಇನ್ನೂ ಬಲಿತಿರುವುದಿಲ್ಲ. ಅದಕ್ಕೇ ಕೆಫೀನ್ ಕೊಡುವುದು. ಹೌದು, ಕಾಫಿಯಲ್ಲಿರುವ ಅದೇ ಕೆಫೀನು.

ಕೈ ತೊಳೆಯುವುದಕ್ಕೆ ಬಳೆ, ಉಂಗುರ, ವಾಚು ತೆಗೆಯಲೇಬೇಕು. ಬಾಣಂತಿ ಬರಿಗೈಯಲ್ಲಿ ಇರಬಾರದೆಂದು ಅತ್ತೆ ಬೇಜಾರು ಮಾಡಿಕೊಂಡರೆ ಅವರನ್ನೇ ತೊಟ್ಟಿಯ ಹತ್ತಿರ ಕರೆದುಕೊಂಡು ಹೋಗಿ ಬಳೆಗಳ ಸಂದಿ ತೋರಿಸಿ. ಸೋಪು ಅಲ್ಲಿಗೆ ಹೋಗದು, ಕೊಳೆ ಅಲ್ಲೇ ಉಳಿಯುತ್ತದೆ. ಮೊಣಕೈವರೆಗೆ, ಪೂರ್ತಿ ಒಂದು ನಿಮಿಷ. ಕರಿಮಣಿಯನ್ನು ರವಿಕೆಯೊಳಗೆ ಸೇರಿಸಿ ಪಿನ್ ಹಾಕಿದರೆ ಸಾಕು.

ಮುಟ್ಟುವ ರೀತಿಯೂ ಬೇರೆ. ಸವರಬಾರದು, ತಟ್ಟಬಾರದು, ಇಷ್ಟು ಎಳೆಯ ಚರ್ಮಕ್ಕೆ ಅದು ಹಿತವಲ್ಲ. ಬೆಚ್ಚಗಿನ ಒಂದು ಅಂಗೈ ತಲೆಯ ಮೇಲೆ, ಇನ್ನೊಂದು ಮಡಚಿದ ಕಾಲುಗಳ ಸುತ್ತ ಇಟ್ಟು ಅಲ್ಲಾಡದೆ ಹಿಡಿದುಕೊಳ್ಳಬೇಕು. ಕೂಸು ಬೆರಳು ಅಗಲಿಸಿ ಚಾಚಿದರೆ, ಬಿಕ್ಕಳಿಸಿದರೆ, ಪದೇಪದೇ ಸೀನಿದರೆ, ಮೈ ಮಚ್ಚೆಮಚ್ಚೆಯಾದರೆ ಸಾಕೆಂದು ಅರ್ಥ. ಕೈ ಬಾಯಿಗೆ ಒಯ್ದರೆ ಇನ್ನಷ್ಟು ಹೊತ್ತು ಇರಬಹುದು.

ಹಾಲು

ಮನೆಯವರು ಹೆಚ್ಚು ಸಹಾಯ ಮಾಡಬಹುದಾದ, ಹಾಗೆಯೇ ಹೆಚ್ಚು ಕೆಡಿಸಬಹುದಾದ ಕೆಲಸ ಇದು. ಆದ್ದರಿಂದ ಸ್ವಲ್ಪ ವಿವರವಾಗಿ.

ಕೂಸು ಚೀಪದಿದ್ದರೂ ಹೆರಿಗೆಯಾದ ಒಂದು ಗಂಟೆಯೊಳಗೆ, ತಡವಾದರೆ ಆರು ಗಂಟೆಯೊಳಗೆ, ಹಿಂಡಲು ಶುರು ಮಾಡಬೇಕು. ಮೊದಲ ಎರಡು-ಮೂರು ದಿನ ಬರುವುದು ಹಳದಿ ಬಣ್ಣದ ಗಿಣ್ಣುಹಾಲು, ಅದೂ ತೊಟ್ಟು ತೊಟ್ಟು. ಇದಕ್ಕೆ ಪಂಪ್ ಹಿಡಿಯಬೇಡಿ, ಬಂದ ನಾಲ್ಕು ತೊಟ್ಟು ಪಂಪಿನ ಗೋಡೆಗೇ ಅಂಟಿ ಹೋಗುತ್ತದೆ. ಕೈಯಿಂದ ಹಿಂಡಿ, ಮೊಲೆತೊಟ್ಟಿನ ತುದಿಯಲ್ಲಿ ನಿಂತ ಹನಿಯನ್ನು ಸೂಜಿಯಿಲ್ಲದ ಒಂದು ಎಂಎಲ್ ಸಿರಿಂಜಿನಿಂದ ಎಳೆದುಕೊಳ್ಳಿ. ಅರ್ಧ ಎಂಎಲ್ ಸಿಕ್ಕರೂ ಸಿಸ್ಟರಿಗೆ ಕೊಡಿ. ಹಾಲು ಶುರು ಮಾಡುವ ಮೊದಲೇ ಕೂಸಿನ ಕೆನ್ನೆಯ ಒಳಬದಿಗೆ ಎರಡು ಹನಿ ಸವರುವ ಪದ್ಧತಿ ಎಷ್ಟೋ ಘಟಕಗಳಲ್ಲಿದೆ.

ಹಿಂಡುವ ಕ್ರಮ ಹೀಗೆ. ಕೈ ತೊಳೆದು ನೇರ ಕೂತು ಸ್ವಲ್ಪ ಮುಂದಕ್ಕೆ ಬಾಗಬೇಕು. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಎರಡು-ಮೂರು ನಿಮಿಷ ಎದೆಯ ಮೇಲಿಟ್ಟು, ಬೆರಳ ತುದಿಯಿಂದ ಸುತ್ತಲೂ ನಯವಾಗಿ ನೀವಬೇಕು. ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ, ತೊಟ್ಟಿನಿಂದ ಎರಡು ಬೆರಳಗಲ ಹಿಂದೆ, ಕಪ್ಪು ವೃತ್ತದ ಅಂಚಿನ ಬಳಿ. ಮೊದಲು ಎದೆಗೂಡಿನ ಕಡೆಗೆ ಹಿಂದಕ್ಕೆ ಒತ್ತಿ, ಆಮೇಲೆ ಎರಡು ಬೆರಳನ್ನು ಒಂದಕ್ಕೊಂದು ಅಮುಕಿ, ಬಿಡಬೇಕು. ಒತ್ತು, ಅಮುಕು, ಬಿಡು. ಬೆರಳು ಚರ್ಮದ ಮೇಲೆ ಜಾರಬಾರದು, ಹಸುವಿನ ಕೆಚ್ಚಲು ಕರೆದಂತೆ ತೊಟ್ಟನ್ನು ಎಳೆಯಲೇಬಾರದು. ಕೊಟ್ಟಿಗೆಯ ಅಭ್ಯಾಸವಿರುವ ಕೈ ತಪ್ಪುವುದು ಇಲ್ಲೇ. ಮೊದಲ ಒಂದೆರಡು ನಿಮಿಷ ಏನೂ ಬರದಿರಬಹುದು. ಧಾರೆ ನಿಧಾನವಾದಾಗ ಬೆರಳಿನ ಜಾಗ ಬದಲಿಸಿ, ನಾಲ್ಕೈದು ನಿಮಿಷಕ್ಕೊಮ್ಮೆ ಬದಿ ಬದಲಿಸಿ. ಒಟ್ಟು ಇಪ್ಪತ್ತರಿಂದ ಮೂವತ್ತು ನಿಮಿಷ.

ದಿನಕ್ಕೆ ಕನಿಷ್ಠ ಎಂಟು ಸಲ. ಬೆಳಗ್ಗೆ 5, 8, 11, ಮಧ್ಯಾಹ್ನ 2, ಸಂಜೆ 5, ರಾತ್ರಿ 8, 11, ಮತ್ತೆ ನಡುರಾತ್ರಿ ಎರಡೂವರೆ. ಈ ಕೊನೆಯದನ್ನು ಬಿಡುವವರೇ ಹೆಚ್ಚು: "ಪಾಪ, ಮಲಗಲಿ" ಎಂದು ಮನೆಯವರು ಎಬ್ಬಿಸುವುದಿಲ್ಲ. ಹಾಲು ಊರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ರಾತ್ರಿ ಹೊತ್ತೇ ಹೆಚ್ಚು. ಎದೆ ತುಂಬಿ ಗಂಟೆಗಟ್ಟಲೆ ಹಾಗೇ ಉಳಿದರೆ ದೇಹ ಇಷ್ಟು ಬೇಡವೆಂದು ತಿಳಿದು ಕಡಿಮೆ ಮಾಡುತ್ತದೆ. ನೀವು ಅಲಾರಂ ಇಟ್ಟು ಎದ್ದು, ಬಟ್ಟಲು ತೊಳೆದು, ಫ್ಲಾಸ್ಕಿನ ಬಿಸಿ ಹಾಲು ಬಗ್ಗಿಸಿ, ಒಂದು ಅಂಟಿನುಂಡೆ ಕೈಗೆ ಕೊಟ್ಟು, ಆಮೇಲೆ ಅವಳನ್ನು ಎಬ್ಬಿಸಿ. ಹಿಂಡಿ ಮುಗಿಸಿದ ಕೂಡಲೇ ಅವಳು ಮಲಗಲಿ. ಹಾಲು ತಲುಪಿಸುವುದು, ಪಾತ್ರೆ ತೊಳೆಯುವುದು ನಿಮ್ಮ ಪಾಲು.

ಪಾತ್ರೆಗೆ ಮುಚ್ಚಳವಿರುವ ಸ್ಟೀಲಿನ ಸಣ್ಣ ಡಬ್ಬಿ ನಾಲ್ಕು ಸಾಕು. ಸೋಪಿನಲ್ಲಿ ತೊಳೆದು, ಪೂರ್ತಿ ಮುಳುಗುವಷ್ಟು ನೀರಲ್ಲಿ ಕುದಿ ಬಂದ ಮೇಲೆ ಹತ್ತು ನಿಮಿಷ ಕುದಿಸಿ, ಬೋರಲು ಹಾಕಿ ಒಣಗಿಸಿ. ಬಟ್ಟೆಯಲ್ಲಿ ಒರೆಸಿದರೆ ಕುದಿಸಿದ್ದು ವ್ಯರ್ಥ. ಮೆಡಿಕಲ್ ಶಾಪಿನಲ್ಲಿ ಸಿಗುವ ರಬ್ಬರ್ ಬುರುಡೆಯ ಪಂಪ್ ಬೇಡ: ಬುರುಡೆಯೊಳಗೆ ಹಾಲು ಸೇರಿ ಕೊಳೆಯುತ್ತದೆ, ತೊಟ್ಟಿಗೂ ಗಾಯ. ಹಾಲು ಚೆನ್ನಾಗಿ ಇಳಿದ ಮೇಲೆ ಎಲೆಕ್ಟ್ರಿಕ್ ಪಂಪ್ ಕೊಳ್ಳುವ ಶಕ್ತಿಯಿದ್ದರೆ ಕೊಳ್ಳಿ, ಇಲ್ಲದಿದ್ದರೆ ಕೈಯೇ ಸಾಕು.

ಡಬ್ಬಿಯ ಮೇಲೆ ತಾಯಿಯ ಹೆಸರು, ಐಪಿ ನಂಬರು (ಆಸ್ಪತ್ರೆಯ ಒಳರೋಗಿ ಸಂಖ್ಯೆ), ತಾರೀಕು, ಹಿಂಡಿದ ಗಂಟೆ ಬರೆಯಲೇಬೇಕು. ಮಳೆಗಾಲದ ತಂಪಿನಲ್ಲಿ ನಾಲ್ಕು ಗಂಟೆ ಹೊರಗಿಡಬಹುದು. ಏಪ್ರಿಲ್‌ನ ಶಿವಮೊಗ್ಗದಲ್ಲಿ ಆ ಲೆಕ್ಕ ಬೇಡ, ಹಿಂಡಿದೊಡನೆ ಫ್ರಿಜ್ಜಿಗೆ, ಬಾಗಿಲಲ್ಲಲ್ಲ, ಒಳಗಡೆ ಹಿಂಬದಿಗೆ. ಅಲ್ಲಿಟ್ಟಿದ್ದನ್ನು 24 ಗಂಟೆಯೊಳಗೆ ಬಳಸುವುದು ಒಳ್ಳೆಯದು. ಕರೆಂಟು ಹೋದರೆ ಬಾಗಿಲು ತೆಗೆಯಬೇಡಿ, ಸಾಗಿಸುವಾಗ ಅಗಲ ಬಾಯಿಯ ಫ್ಲಾಸ್ಕಿಗೆ ಐಸ್ ತುಂಬಿ ಅದರೊಳಗೆ ಡಬ್ಬಿ ಇಡಿ. ತಣ್ಣಗಿನ ಹಾಲನ್ನು ಒಲೆಯ ಮೇಲೆ ಇಡಬಾರದು, ಬಿಸಿನೀರಿನ ಬಟ್ಟಲಲ್ಲಿ ಇಟ್ಟು ಬೆಚ್ಚಗೆ ಮಾಡಬೇಕು. ಮೇಲೆ ಕೆನೆ ಬೇರೆಯಾಗಿ ನಿಂತಿದ್ದರೆ ಕೆಟ್ಟಿಲ್ಲ, ನಿಧಾನಕ್ಕೆ ತಿರುಗಿಸಿದರೆ ಬೆರೆಯುತ್ತದೆ.

ಎಷ್ಟು ಬೇಕು ಎಂಬ ಲೆಕ್ಕ ತಾಯಿಗೆ ತಿಳಿದರೆ ಅರ್ಧ ಭಯ ಹೋಗುತ್ತದೆ. 1,200 ಗ್ರಾಂ ತೂಕದ ಕೂಸಿಗೆ ಹಾಲು ಶುರುವಾಗುವುದೇ ಒಂದೊಂದು ಸಲಕ್ಕೆ ಒಂದೆರಡು ಎಂಎಲ್‌ನಿಂದ. ಪೂರ್ತಿ ಹಾಲಿಗೆ ಬಂದಾಗಲೂ ಕೆಜಿಗೆ ಸುಮಾರು 160 ಎಂಎಲ್, ಅಂದರೆ ದಿನಕ್ಕೆ 192 ಎಂಎಲ್. ಎರಡು ಗಂಟೆಗೊಮ್ಮೆ ಕೊಟ್ಟರೆ ಒಂದು ಸಲಕ್ಕೆ 16 ಎಂಎಲ್, ಮೂರು ಟೀ ಚಮಚ ಚಿಲ್ಲರೆ. ಹಾಗಂತ ಅಷ್ಟಕ್ಕೇ ನಿಲ್ಲಿಸಬಾರದು: ಎರಡನೇ ವಾರದ ಕೊನೆಗೆ ದಿನಕ್ಕೆ 500 ಎಂಎಲ್ ಮುಟ್ಟಿದ್ದರೆ ಮುಂದೆ ಕೂಸು ಬೆಳೆದಾಗ ಕೊರತೆಯಾಗದು. 350ಕ್ಕಿಂತ ಕಡಿಮೆಯಿದ್ದರೆ ಕೂಡಲೇ ಸಿಸ್ಟರ್ ಅಥವಾ ಡಾಕ್ಟರ ಹತ್ತಿರ ಹೇಳಿ. ಆದರೆ ಡಬ್ಬಿ ಎತ್ತಿ ಬೆಳಕಿಗೆ ಹಿಡಿದು "ಇಷ್ಟೇನಾ?" ಅನ್ನುವವರನ್ನು ಕೋಣೆಯಿಂದ ಆಚೆ ಕಳಿಸಿ. ದಿನ ತುಂಬದ ಹೆರಿಗೆ, ಸಿಸೇರಿಯನ್, ಬಿಪಿ ಇವುಗಳಲ್ಲಿ ಹಾಲು ಇಳಿಯಲು ಐದು ದಿನವೂ ಆಗಬಹುದು. ಕೂಸಿನ ಪಕ್ಕದಲ್ಲಿ ಕೂತು ಹಿಂಡಿದರೆ, ಇಲ್ಲವೇ ಎದೆಗವಚಿಕೊಂಡು ಎದ್ದ ಮೇಲೆ ಹಿಂಡಿದರೆ ಹೆಚ್ಚು ಬರುತ್ತದೆ.

ಎದೆ ಕಲ್ಲಿನಂತೆ ಕಟ್ಟಿದರೆ ಬಿಟ್ಟುಬಿಡುವುದಲ್ಲ, ಹಿಂಡಿ ಆಮೇಲೆ ತಣ್ಣೀರ ಬಟ್ಟೆ ಹಾಕಬೇಕು. ಒಂದೇ ಕಡೆ ಕೆಂಪಾಗಿ ನೋವಾಗಿ ಚಳಿಜ್ವರ ಬಂದರೆ ಅವತ್ತೇ ಡಾಕ್ಟರಿಗೆ ತೋರಿಸಿ, ಹಿಂಡುವುದು ಮುಂದುವರಿಯಲಿ.

ಹಸುವಿನ ಹಾಲು, ನೀರು ಬೆರೆಸಿದ್ದಾದರೂ ಸರಿ, ಬೇಡವೇ ಬೇಡ. ಎಳೆ ಕರುಳಿಗೆ ಉರಿಯೂತವಾಗಿ ಕೊಳೆಯುವ ಎನ್‌ಇಸಿ ಎಂಬ ರೋಗಕ್ಕೆ ದಿನ ತುಂಬದ ಮಕ್ಕಳು ಸುಲಭದ ತುತ್ತು. ತಾಯಿಹಾಲು ಆ ಅಪಾಯ ತಗ್ಗಿಸುತ್ತದೆ. ಡಬ್ಬಿ ಪುಡಿಯೂ ಡಾಕ್ಟರು ಬರೆದರಷ್ಟೇ.

ಬಾಣಂತಿಯ ಊಟ

ಮಲೆನಾಡಿನ ಬಾಣಂತನದಲ್ಲಿ ಬಿಡಬೇಕಾದ್ದಕ್ಕಿಂತ ಉಳಿಸಿಕೊಳ್ಳಬೇಕಾದ್ದೇ ಹೆಚ್ಚು. ಮೆಣಸಿನ ಸಾರು, ಬೆಳ್ಳುಳ್ಳಿ, ಮೆಂತ್ಯ, ಸಬ್ಬಸಿಗೆ ಸೊಪ್ಪು, ಕೊಬ್ಬರಿ-ಬೆಲ್ಲ ಎಲ್ಲ ಇರಲಿ. ತಪ್ಪಿರುವುದು "ನೀರು ಕುಡಿದರೆ ಹೊಟ್ಟೆ ಬರ್ತದೆ" ಎಂಬಲ್ಲಿ, ಮತ್ತೆ ಬರೀ ಅನ್ನ-ಸಾರಿನ ಪಥ್ಯದಲ್ಲಿ. ಹಾಲು ಹಿಂಡುವವಳಿಗೆ ದಿನಕ್ಕೆ ಸುಮಾರು 600 ಕ್ಯಾಲರಿ ಹೆಚ್ಚು ಬೇಕು. ಬೇಳೆ, ಕಾಳು, ಮೊಸರು, ಸೊಪ್ಪಿನ ಪಲ್ಯ, ಬಾಳೆಹಣ್ಣು. ತಿನ್ನುವವರಾದರೆ ಮೊಟ್ಟೆ, ಮೀನು. ಪ್ರತಿ ಸಲ ಹಿಂಡುವ ಮುಂಚೆ ಒಂದು ಲೋಟ ನೀರೋ ಜೀರಿಗೆ ಕಷಾಯವೋ ಕೈಗೆ ಕೊಟ್ಟರೆ ಲೆಕ್ಕ ತಾನಾಗಿ ಸರಿಯಾಗುತ್ತದೆ.

ಅಮೆಯ, ಅಂದರೆ ಹೆರಿಗೆ ಸೂತಕದ, ಹತ್ತು ದಿನ ಅವಳನ್ನು ಮುಟ್ಟದೆ ಊಟ ದೂರದಿಂದ ಇಡುವ ಮನೆಗಳು ಇನ್ನೂ ಇವೆ. ಶಾಸ್ತ್ರಗಳನ್ನೆಲ್ಲ ಕೂಸು ಮನೆಗೆ ಬಂದ ಮೇಲೆ ಮಾಡಿಕೊಳ್ಳಬಹುದು. ಹೊಲಿಗೆಯ ಹೆಣ್ಣಿಗೆ ಎದ್ದು ನಿಲ್ಲಲು ಒಂದು ಕೈ ಬೇಕು.

ಅವಳ ಸ್ವಂತ ಮೈಯನ್ನು ನೋಡಿಕೊಳ್ಳಲು ಅವಳಿಗೇ ನೆನಪಿರುವುದಿಲ್ಲ, ನಿಮಗಿರಲಿ. ಬಿಪಿಯಿಂದಾಗಿ ಬೇಗ ಹೆರಿಗೆ ಮಾಡಿಸಿದ್ದರೆ ಹೆರಿಗೆಯ ನಂತರವೂ ಆರು ವಾರದವರೆಗೆ ಎಚ್ಚರ ಬೇಕು: ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮೇಲ್ಹೊಟ್ಟೆ ನೋವು ಬಂದರೆ ಅದೇ ಗಂಟೆ ಆಸ್ಪತ್ರೆಗೆ. ಒಂದು ಗಂಟೆಯಲ್ಲಿ ಒಂದು ಪ್ಯಾಡ್ ಪೂರ್ತಿ ನೆನೆದರೆ, ಜ್ವರ ಬಂದರೆ, ಹೊಲಿಗೆಯಲ್ಲಿ ಕೀವು ಕಂಡರೆ, ಒಂದೇ ಕಾಲು ಊದಿ ನೋವಾದರೆ ಕೂಡ ಹಾಗೇ.

ಎದೆಗವಚಿಕೊಳ್ಳುವ ಆರೈಕೆ

ಕಾಂಗರೂ ಆರೈಕೆ ಶುರುವಾದದ್ದು 1978ರಲ್ಲಿ, ಕೊಲಂಬಿಯಾದ ಬೊಗೊಟಾದಲ್ಲಿ; ಅಲ್ಲಿಯ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್ (ಕೂಸನ್ನು ಬೆಚ್ಚಗಿಡುವ ಪೆಟ್ಟಿಗೆ) ಸಾಲದೆ ಬಂದಾಗ. ಬಡವರ ಪರ್ಯಾಯವೆಂದು ಶುರುವಾದದ್ದು ಈಗ ಮೊದಲ ಆಯ್ಕೆ: ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದ್ದು, ದಿನ ತುಂಬದ ಅಥವಾ ತೂಕ ಕಡಿಮೆಯ ಎಲ್ಲ ಮಕ್ಕಳಿಗೂ ಹುಟ್ಟಿದೊಡನೆ ಸಾಧ್ಯವಾದಷ್ಟು ಬೇಗ ಶುರು ಮಾಡಿ, ದಿನಕ್ಕೆ 8ರಿಂದ 24 ಗಂಟೆ ಎಂದು. ಸಿಪ್ಯಾಪ್ ಹಾಕಿದ ಕೂಸಿಗೂ ಆಗುತ್ತದೆ, ಯಾವಾಗಿನಿಂದ ಎಂಬುದು ಘಟಕದವರ ತೀರ್ಮಾನ, ಆದರೆ "ಇವತ್ತು ಕಾಂಗರೂ ಮಾಡಬಹುದಾ ಸಿಸ್ಟರ್?" ಎಂದು ದಿನಾ ಕೇಳುವುದು ನಿಮ್ಮ ಕೆಲಸ.

ಮುಂದೆ ಗುಂಡಿಯಿರುವ ನೈಟಿ ಅಥವಾ ಗಂಡನ ಸಡಿಲ ಶರ್ಟು. ಕೂಸಿಗೆ ಟೊಪ್ಪಿ, ಕಾಲುಚೀಲ, ಲಂಗೋಟಿ ಬಿಟ್ಟು ಬೇರೇನೂ ಬೇಡ. ಎರಡು ಸ್ತನಗಳ ನಡುವೆ ನೆಟ್ಟಗೆ, ಎದೆಗೆ ಎದೆ ತಾಗುವಂತೆ, ತಲೆ ಒಂದು ಬದಿಗೆ ತಿರುಗಿಸಿ ಗಲ್ಲ ತುಸು ಮೇಲೆತ್ತಿ, ಕೈಕಾಲು ಕಪ್ಪೆಯಂತೆ ಮಡಚಿ ಇರಿಸಬೇಕು. ಹಳೆಯ ಹತ್ತಿ ಸೀರೆಯನ್ನೋ ಪಂಚೆಯನ್ನೋ ಸುತ್ತಿ ಕಟ್ಟಿ: ಮೇಲಂಚು ಕೂಸಿನ ಕಿವಿಯ ಕೆಳಭಾಗಕ್ಕೆ ಬರಬೇಕು, ಹೊಟ್ಟೆಯ ಹತ್ತಿರ ಉಸಿರಾಡುವಷ್ಟು ಸಡಿಲ ಇರಬೇಕು. ತಾಯಿ ಚಪ್ಪಟೆ ಮಲಗದೆ ದಿಂಬಿಗೊರಗಿ ಅರೆ ಕೂತಿರಲಿ. ಒಂದು ಸಲ ಕೂತರೆ ಗಂಟೆಗೆ ಕಡಿಮೆಯಿಲ್ಲದಂತೆ. ಹತ್ತು ಹತ್ತು ನಿಮಿಷಕ್ಕೆ ಎತ್ತಿ ಇಳಿಸಿದರೆ ಕೂಸಿಗೆ ಸುಸ್ತೇ ಹೊರತು ಲಾಭವಿಲ್ಲ. ಕೂರುವ ಮುಂಚೆ ಮೂತ್ರ ಮಾಡಿ ಬರಲಿ, ನೀರಿನ ಬಾಟಲಿ ಕೈಗೆಟುಕಲಿ.

ಕೆಡುವುದು ಹೆಚ್ಚಾಗಿ ಗಲ್ಲದಲ್ಲಿ. ತಲೆ ಮುಂದಕ್ಕೆ ಬಾಗಿ ಗಲ್ಲ ಎದೆಗೆ ಒತ್ತಿದರೆ ಈ ಮಕ್ಕಳ ಮೆದು ಉಸಿರುನಾಳ ಅಲ್ಲೇ ಮಡಚಿಕೊಳ್ಳುತ್ತದೆ. ಜೊತೆಗಿರುವವರು ಪ್ರತಿ ಹತ್ತು ನಿಮಿಷಕ್ಕೆ ಗಲ್ಲ, ಮೂಗು, ತುಟಿಯ ಬಣ್ಣ ನೋಡುತ್ತಿರಬೇಕು. ಮುಖದ ಮೇಲೆ ಶಾಲು ಎಳೆಯಬಾರದು. ಬಾಣಂತಿ ವಿಕ್ಸ್, ಸೆಂಟು ಹಚ್ಚಿಕೊಂಡಿರಬಾರದು, ಮಲ್ಲಿಗೆ ಮುಡಿದಿರಬಾರದು. ಕೂಸಿಗೆ ಬೇಕಾದ್ದು ಅವಳ ಮೈವಾಸನೆ.

ತಾಯಿ ಸ್ನಾನಕ್ಕೋ ನಿದ್ದೆಗೋ ಹೋದಾಗ ಅಪ್ಪ ಕೂರಬಹುದು, ಅಜ್ಜಿ ಕೂರಬಹುದು. ಎಲೆ-ಅಡಕೆ, ಹೊಗೆಸೊಪ್ಪು, ಬೀಡಿ ಅಭ್ಯಾಸವಿರುವವರು ಸ್ನಾನ ಮಾಡಿ ಬಟ್ಟೆ ಬದಲಿಸಿದ ಮೇಲಷ್ಟೇ. ಶೀತ, ಕೆಮ್ಮು, ಜ್ವರ ಇರುವವರು ಬಾಗಿಲಿಂದಲೂ ಇಣುಕುವುದು ಬೇಡ.

ಜುಲೈ-ಆಗಸ್ಟಿನಲ್ಲಿ ಬಟ್ಟೆ ಒಣಗಿಸುವುದೇ ಒಂದು ತಪಸ್ಸು. ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ಹಾಕಿದ್ದು ಹೊಗೆ ಕುಡಿದಿರುತ್ತದೆ, ಕೂಸಿನ ಮೈಗೆ ಹಾಗೇ ತಾಗಿಸಬೇಡಿ. ಕಟ್ಟುವ ಬಟ್ಟೆ, ಟೊಪ್ಪಿ ಆರಾರು ಜೊತೆ ಇಟ್ಟುಕೊಂಡು, ಫ್ಯಾನಿನಡಿ ಒಣಗಿಸಿ ಇಸ್ತ್ರಿ ಹಾಕಿದರೆ ಉಳಿದ ತೇವವೂ ಹೋಗುತ್ತದೆ.

ಮಾತು

"ಏಳು ತಿಂಗಳದ್ದು ಉಳಿತದೆ, ಎಂಟು ತಿಂಗಳದ್ದು ಉಳಿಯಲ್ಲ" ಎಂಬ ಮಾತಿಗೆ ತಲೆಬುಡವಿಲ್ಲ. ಹೊಟ್ಟೆಯಲ್ಲಿ ಹೆಚ್ಚು ವಾರ ಇದ್ದಷ್ಟೂ ಒಳ್ಳೆಯದೇ. "ಭಾರ ಎತ್ತಿದ್ದಕ್ಕೇ ಹೀಗಾಯ್ತು", "ಗ್ರಹಣದಲ್ಲಿ ಹೊರಗೆ ಬಂದಿದ್ದಳು" ಎಂಬುದೂ ಬೇಡ. ಎಷ್ಟೋ ಸಲ ಬೇಗ ಹೆರಿಗೆಯಾದದ್ದಕ್ಕೆ ಡಾಕ್ಟರಿಗೂ ಕಾರಣ ಸಿಗುವುದಿಲ್ಲ, ತಾಯಿ ಮಾತ್ರ ಆಗಲೇ ತನ್ನದೇ ತಪ್ಪೆಂದು ನಂಬಿರುತ್ತಾಳೆ. "ಧೈರ್ಯ ತಗೋ" ಎನ್ನುವುದೂ ಅಷ್ಟೇನೂ ಉಪಯೋಗಕ್ಕೆ ಬಾರದು. ಅದಕ್ಕಿಂತ "ಈಗ ಎಂಟು ಗಂಟೆದು ಹಿಂಡಿ ಆಯ್ತಲ್ಲ, ನಾ ಕೊಟ್ಟು ಬರ್ತೀನಿ, ನೀ ಕಾಲು ಚಾಚಿ ಮಲಕ್ಕೋ" ಎಂದರೆ ಕೆಲಸವೂ ಆಯಿತು, ಸಮಾಧಾನವೂ ಆಯಿತು. ಫೈಲಿನಲ್ಲಿ ಕೂಸಿನ ಹೆಸರು 'ಬೇಬಿ ಆಫ್' ಎಂದೇ ಇರುತ್ತದೆ. ತೊಟ್ಟಿಲ ಶಾಸ್ತ್ರದವರೆಗೆ ಕಾಯದೆ ಕರೆಯಲು ಒಂದು ಮುದ್ದು ಹೆಸರು ಇಟ್ಟುಕೊಳ್ಳಲಿ.

ಒಂದು ನೂರು ಪುಟದ ನೋಟ್‌ಬುಕ್ ತನ್ನಿ. ದಿನಕ್ಕೊಂದು ಪುಟ: ತೂಕ, ಹಾಲು ಎಷ್ಟು, ಹಿಂಡಿದ್ದು ಎಷ್ಟು, ಕಾಂಗರೂ ಎಷ್ಟು ಗಂಟೆ, ಡಾಕ್ಟರು ಹೇಳಿದ್ದು, ನಾಳೆ ಕೇಳಬೇಕಾದ್ದು. ಮೊದಲ ವಾರ ಕೂಸು ಹುಟ್ಟಿದ ತೂಕದ ನೂರಕ್ಕೆ ಹತ್ತು, ಕೆಲವೊಮ್ಮೆ ಹದಿನೈದರಷ್ಟು ಇಳಿಯುವುದು ಸಹಜ. 10ರಿಂದ 14 ದಿನಕ್ಕೆ ಮೊದಲಿನ ತೂಕಕ್ಕೆ ಬರುತ್ತದೆ, ಆಮೇಲೆ ಕೆಜಿಗೆ ದಿನಕ್ಕೆ 15-20 ಗ್ರಾಂ ಏರಿಕೆ. ಈ ಸಾಲನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಡಿ, ಮೂರನೇ ದಿನ ಬೇಕಾಗುತ್ತದೆ. ರೌಂಡ್ಸ್ ಹೊತ್ತಿಗೆ ಕೇಳುವುದು ತಾಯಿಯೇ ಆಗಲಿ, ಗಂಡ ಪಕ್ಕದಲ್ಲಿದ್ದು ಬರೆದುಕೊಳ್ಳಲಿ. ಕೆಟ್ಟ ಸುದ್ದಿಯನ್ನು ಅವಳಿಂದ ಮುಚ್ಚಿಡುವುದು ಬೇಡ. ನಿಮ್ಮ ಮುಖ ನೋಡಿಯೇ ಅವಳಿಗೆ ಗೊತ್ತಾಗುತ್ತದೆ, ಆಮೇಲೆ ಒಳ್ಳೆಯ ಸುದ್ದಿ ಹೇಳಿದರೂ ನಂಬುವುದಿಲ್ಲ.

ಸುಮ್ಮಸುಮ್ಮನೆ ಅಳು ಬರುವುದು ಮೊದಲ ಎರಡು ವಾರ ಇದ್ದದ್ದೇ. ಅದು ಎರಡು ವಾರ ದಾಟಿದರೆ, ಮಲಗಲು ಬಿಡುವಿದ್ದರೂ ನಿದ್ದೆ ಬಾರದಿದ್ದರೆ, ಕೂಸಿನ ಹತ್ತಿರ ಹೋಗಲೇ ಮನಸ್ಸಾಗದಿದ್ದರೆ ಡಾಕ್ಟರಿಗೆ ಹೇಳಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲು-ರಾತ್ರಿ ಇದೆ, ಕನ್ನಡದಲ್ಲೇ ಮಾತಾಡಬಹುದು. ಇಲ್ಲದ ದನಿ ಕೇಳುವುದು, ಅರ್ಥವಿಲ್ಲದ ಮಾತು, ತನಗೋ ಕೂಸಿಗೋ ಏನಾದರೂ ಮಾಡಿಕೊಳ್ಳುವ ಮಾತು ಬಂದರೆ ಅವಳನ್ನು ಒಂಟಿಯಾಗಿ ಬಿಡದೆ ಅವತ್ತೇ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ. ಇದು ಗಾಳಿ ಸೋಕಿದ್ದಲ್ಲ, ಚಿಕಿತ್ಸೆಯಿಂದ ವಾಸಿಯಾಗುವ ಕಾಯಿಲೆ.

ಕೂಸು ಉಳಿಯದೆಯೂ ಹೋಗಬಹುದು. ಆಗ ತಾಯಿಗೆ ತೋರಿಸದೆ ಎತ್ತಿಕೊಂಡು ಹೋಗುವ ರೂಢಿ ನಮ್ಮಲ್ಲಿದೆ. ಎತ್ತಿಕೊಳ್ಳಬೇಕೇ, ನೋಡಬೇಕೇ ಎಂದು ಅವಳನ್ನೇ ಕೇಳಿ, ಅವಳು ಕೇಳಿದಷ್ಟು ಹೊತ್ತು ಕೊಡಿ. ಎದೆಹಾಲು ಕೂಡಲೇ ನಿಲ್ಲುವುದಿಲ್ಲ. ಬಿಗಿಯಾಗಿ ಕಟ್ಟದೆ, ನೋವು ತಗ್ಗುವಷ್ಟು ಮಾತ್ರ ಹಿಂಡಿ, ತಣ್ಣೀರ ಬಟ್ಟೆ ಹಾಕಿ. ನಿಲ್ಲಿಸಲು ಮಾತ್ರೆ ಬೇಕೇ ಎಂದು ಡಾಕ್ಟರನ್ನು ಕೇಳಿ. ಇಟ್ಟಿದ್ದ ಹೆಸರಿನಿಂದಲೇ ಕೂಸಿನ ಮಾತಾಡಿ. "ಇನ್ನೊಂದಾಗ್ತದೆ ಬಿಡು" ಬೇಡ.

ದುಡ್ಡು, ಕಾಗದ

2011ರಿಂದ ಇರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷದವರೆಗಿನ ಕಾಯಿಲೆಯ ಮಗುವಿಗೆ ಔಷಧಿ, ಪರೀಕ್ಷೆ, ರಕ್ತ, ಬೇರೆ ಆಸ್ಪತ್ರೆಗೆ ಸಾಗಿಸುವ ವಾಹನ, ಮನೆಗೆ ಬಿಡುವ ವಾಹನ ಎಲ್ಲ ಉಚಿತ. ತಾಯಿ ಕಾರ್ಡ್, ರೇಷನ್ ಕಾರ್ಡ್, ಇಬ್ಬರ ಆಧಾರ್, ಇವುಗಳ ನಾಲ್ಕು ನಾಲ್ಕು ಜೆರಾಕ್ಸ್ ಒಂದು ಪ್ಲಾಸ್ಟಿಕ್ ಫೈಲಿನಲ್ಲಿರಲಿ. ಜನನ ನೋಂದಣಿ 21 ದಿನದೊಳಗೆ ಆಗಬೇಕು. ಆಸ್ಪತ್ರೆಯ ಓಡಾಟದಲ್ಲಿ ಮರೆಯುವುದು ಇದೇ.

ಮನೆಗೆ

ಹಾಲನ್ನು ನಳಿಗೆಯಿಲ್ಲದೆ ಕುಡಿಯುವುದು, ಮೈ ಬಿಸಿ ಉಳಿಸಿಕೊಳ್ಳುವುದು, ಸತತವಾಗಿ ತೂಕ ಏರುವುದು, ಕೆಲವು ದಿನಗಳಿಂದ ಉಸಿರು ಮರೆಯದಿರುವುದು, ಇಷ್ಟಾದ ಮೇಲೆ ಬಿಡುತ್ತಾರೆ. ಬಸಿರಿನ ವಾರದ ಲೆಕ್ಕದಲ್ಲಿ 32-34 ವಾರದ ಹೊತ್ತಿಗೆ ಒಳಲೆಯಲ್ಲಿ (ಹಾಲು ಕುಡಿಸುವ ಮೂತಿಯ ಪುಟ್ಟ ಬಟ್ಟಲು) ಕುಡಿಯಲು ಕಲಿಯುತ್ತದೆ, 34ರ ನಂತರ ಎದೆ ಚೀಪುತ್ತದೆ. ಅಜ್ಜಿಯರಿಗೆ ಒಳಲೆ ಹಳೆಯ ಪರಿಚಯ, ಆದರೆ ಕೂಸನ್ನು ಅಡ್ಡ ಮಲಗಿಸಿ ಗಂಟಲಿಗೆ ಸುರಿಯುವ ಹಳೆಯ ಕ್ರಮ ಬೇಡ. ಅರೆ ಕೂರಿಸಿ, ಮೂತಿಯನ್ನು ಕೆಳತುಟಿಗೆ ತಾಗಿಸಿ, ತುಟಿಯವರೆಗೆ ಹಾಲು ಬರುವಷ್ಟು ಬಾಗಿಸಿ ಕಾಯಬೇಕು. ಅದು ನುಂಗಿದ ಮೇಲೆ ಮುಂದಿನದು. ಬಿಡುವ ಎರಡು ದಿನ ಮುಂಚೆ ತಾಯಿ ಮತ್ತು ಅಜ್ಜಿ ಇಬ್ಬರೂ ಸಿಸ್ಟರ್ ಎದುರೇ ಕುಡಿಸಿ ತೋರಿಸಲಿ.

ಘಾಟಿ, ತಿರುವಿನ ದಾರಿಯಲ್ಲಿ ಕೂಸು ಎದೆಗವಚಿದ ಸ್ಥಿತಿಯಲ್ಲೇ ಬರಲಿ. ತಾಯಿ ಹಿಂದಿನ ಸೀಟಿನಲ್ಲಿ, ಬೆಲ್ಟ್ ಹಾಕಿಕೊಂಡು. ಗಂಟೆಗೊಮ್ಮೆ ನಿಲ್ಲಿಸಿ ಗಲ್ಲ, ಬಣ್ಣ ನೋಡಿ.

ಮನೆಯಲ್ಲಿ ಬಾಣಂತಿ ಕೋಣೆಯ ಕೆಂಡದ ಅಗ್ಗಿಷ್ಟಿಕೆ, ಸಾಂಬ್ರಾಣಿ ಹೊಗೆ ಎರಡೂ ಬಂದ್. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಬರುವ ವಿಷಾನಿಲಕ್ಕೆ ವಾಸನೆಯಿಲ್ಲ. ಬಿಸಿನೀರು ಎರೆಯುವುದು ಎರಡೂವರೆ ಕೆಜಿ ಆಗುವವರೆಗೆ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಬಜೆ ತೇಯ್ದು ನೆಕ್ಕಿಸುವುದು, ಜೇನು, ಗುಟ್ಟಿ, ಕಿವಿ-ಮೂಗಿಗೆ ಎಣ್ಣೆ, ಕಾಡಿಗೆ ಯಾವುದೂ ಬೇಡ. ಅಜ್ಜಿಗೆ ಬರೀ "ಬೇಡ" ಎಂದರೆ ಜಗಳವಾದೀತು. ಕಾಂಗರೂ ಕಟ್ಟುವ ಜವಾಬ್ದಾರಿ ಅವರಿಗೇ ಕೊಟ್ಟರೆ ಉಳಿದದ್ದಕ್ಕೆ ಹಟ ಮಾಡುವುದಿಲ್ಲ.

ಬೆಚ್ಚಗಿದೆಯೇ ಎಂದು ನೋಡಲು ಹೊಟ್ಟೆ ಮತ್ತು ಪಾದ ಮುಟ್ಟಿ. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಕೂಡಲೇ ಎದೆಗವಚಿಕೊಳ್ಳಿ. ಎರಡೂ ತಣ್ಣಗಿದ್ದರೆ ಎದೆಗವಚಿಕೊಂಡೇ ಆಸ್ಪತ್ರೆಗೆ ಹೊರಡಿ. ಹಾಲು ಕುಡಿಯದಿರುವುದು, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರು, ಉಸಿರೆಳೆದಾಗ ಪಕ್ಕೆ ಒಳಸರಿಯುವುದು, ಅಂಗೈ-ಅಂಗಾಲು ಹಳದಿ, ಜ್ವರ, ಸೆಟೆಯುವುದು, ತುಟಿ ನೀಲಿಯಾಗುವುದು ಕಂಡರೆ 108. ಮಳೆಗಾಲದಲ್ಲಿ ಮರ ಬಿದ್ದು ದಾರಿ ಮುಚ್ಚುವ ಊರಾದರೆ ಪೇಟೆಯಲ್ಲಿ ಯಾರ ಮನೆಯಲ್ಲಾದರೂ ಒಂದು ತಿಂಗಳು ಇದ್ದು ಹೋಗುವುದೇ ಜಾಣತನ.

ಕಣ್ಣಿನ ತಪಾಸಣೆಯ ತಾರೀಕು ತಪ್ಪಲೇಬಾರದು. 34 ವಾರಕ್ಕೆ ಮೊದಲು ಹುಟ್ಟಿದ, ಅಥವಾ ಎರಡು ಕೆಜಿಗಿಂತ ಕಡಿಮೆಯಿದ್ದ ಮಕ್ಕಳಿಗೆ ಆರ್‌ಒಪಿ ಪರೀಕ್ಷೆ ಹುಟ್ಟಿದ ನಾಲ್ಕನೇ ವಾರದೊಳಗೆ ಆಗಬೇಕು, ತೀರಾ ಚಿಕ್ಕ ಮಕ್ಕಳಿಗೆ ಎರಡು-ಮೂರನೇ ವಾರದಲ್ಲೇ. ಅಕ್ಷಿಪಟಲದ ರಕ್ತನಾಳ ತಪ್ಪಾಗಿ ಬೆಳೆಯುತ್ತಿದ್ದರೆ ಚಿಕಿತ್ಸೆಗೆ ಸಿಗುವ ಅವಕಾಶ ಕೆಲವೇ ದಿನ. ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗಿಯೇ ಕಾಣುತ್ತಿರುತ್ತದೆ. ಕಿವಿಯ ಪರೀಕ್ಷೆಯೂ ಆಗಬೇಕು. ಲಸಿಕೆ ಹುಟ್ಟಿದ ತಾರೀಕಿನ ಲೆಕ್ಕಕ್ಕೆ.

ಬೆಳವಣಿಗೆಯ ಲೆಕ್ಕ ಮಾತ್ರ ಬೇರೆ. ಎಂಟು ವಾರ ಮೊದಲು ಹುಟ್ಟಿದ ಕೂಸಿಗೆ ಆರು ತಿಂಗಳಾದಾಗ ಅದನ್ನು ನಾಲ್ಕು ತಿಂಗಳ ಮಗುವೆಂದೇ ನೋಡಬೇಕು. ಎರಡು ವರ್ಷದವರೆಗೆ ಹೀಗೇ ಕಳೆದು ಲೆಕ್ಕ ಹಾಕುವುದು. ಮದುವೆಮನೆಯಲ್ಲಿ ಯಾರಾದರೂ "ಆರು ತಿಂಗಳಾಯ್ತಲ್ಲೇ, ಇನ್ನೂ ಮಗುಚಲ್ವಾ?" ಎಂದರೆ ಉತ್ತರಿಸುವ ಕೆಲಸ ತಾಯಿಗೆ ಬಿಡಬೇಡಿ. "ನಮ್ಮ ಲೆಕ್ಕದಲ್ಲಿ ಇನ್ನೂ ನಾಕೇ ತಿಂಗಳು ದೊಡ್ಡಮ್ಮಾ" ಎಂದು ನೀವೇ ಹೇಳಿ, ಕೂಸನ್ನು ಎತ್ತಿಕೊಂಡು ಅವಳನ್ನು ಊಟಕ್ಕೆ ಕಳಿಸಿ.